ಹಳೆ ಕಾಗದಕ್ಕೆ ಬೂಷ್ಟಿನ ಕಿಣ್ವ: ಕಾಸರಗೋಡಿನ ಅಡಿಕೆ ಸಿಪ್ಪೆಯಲ್ಲಿ ಏನನ್ನು ಬೆಳೆಸಬೇಕು, ಹೇಗೆ ಅಳೆಯಬೇಕು

ಹಳೆ ಕಾಗದವನ್ನು ಮತ್ತೆ ಕಾಗದ ಮಾಡಬೇಕಾದರೆ ಮೊದಲು ಅದರ ಶಾಯಿ ಬಿಡಿಸಬೇಕು; ಆ ಕೆಲಸವನ್ನು ಬೂಷ್ಟು ಬಿಡುವ ಕಿಣ್ವದಿಂದ ಮಾಡಿಸುವ ಮಾತು ಇದು. ಹಳೆ ಜೆರಾಕ್ಸ್ ಕಾಗದವನ್ನು ನೀರಿಗೆ ಹಾಕಿ ಕಡೆದು, ಆ ಪಲ್ಪಿನೊಳಗೆ ಪಿಎಚ್ ಮೀಟರ್ ಇಳಿಸಿದರೆ ಮುಳ್ಳು ಸಾಮಾನ್ಯವಾಗಿ 7.5ರಿಂದ 8ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಾವಿಯ ನೀರು ಹಾಕಿದರೂ ಅಷ್ಟೇ, ಹೊಳೆಯ ನೀರು ಹಾಕಿದರೂ ಅಷ್ಟೇ. ಬರೆಯುವ ಮತ್ತು ಮುದ್ರಿಸುವ ಕಾಗದದಲ್ಲಿ ನಾರಿನ ಜೊತೆಗೆ ಸುಣ್ಣಕಲ್ಲಿನ ನಯವಾದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ತೂಕದ ಶೇ. 10ರಿಂದ 25ರವರೆಗೆ ಬೆರೆತಿರುತ್ತದೆ. ಹಾಳೆಗೆ ಬಿಳುಪು ಕೊಡುವುದು, ಒಂದು ಬದಿಯ ಅಕ್ಷರ ಇನ್ನೊಂದು ಬದಿಗೆ ಕಾಣದಂತೆ ತಡೆಯುವುದು ಅದರ ಕೆಲಸ. ಪಲ್ಪಿನ ಪಿಎಚ್ ಅನ್ನು ಹಿಡಿದು ನಿಲ್ಲಿಸುವುದೂ ಅದೇ.

ನಾರಿನ ಸೆಲ್ಯುಲೋಸನ್ನು ಕಡಿಯುವ ಸೆಲ್ಯುಲೇಸ್ ಕಿಣ್ವವನ್ನು ಅಳೆಯುವ ರೂಢಿಯ ಪರೀಕ್ಷೆ ಬೇರೆಯೇ ಲೋಕದ್ದು. ವಾಟ್‌ಮನ್ ನಂ. 1 ಫಿಲ್ಟರ್ ಕಾಗದದ 1 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ಒಂದು ಪಟ್ಟಿ, ತೂಕ 50 ಮಿಲಿಗ್ರಾಂ. ಸಿಟ್ರೇಟ್ ಬಫರ್, ಪಿಎಚ್ 4.8. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ. ಆ ಪಟ್ಟಿಯಲ್ಲಿ ಸುಣ್ಣವಿಲ್ಲ, ಶಾಯಿಯಿಲ್ಲ, ಪಿಷ್ಟದ ಲೇಪವಿಲ್ಲ. ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಶಿಲೀಂಧ್ರವೇ ಉತ್ತಮ ಎಂದು ತೀರ್ಮಾನಿಸಿ, ಅದರ ತೇವಾಂಶ, ಉಷ್ಣತೆ, ಸಾರಜನಕಗಳನ್ನೆಲ್ಲ ತಿಂಗಳುಗಟ್ಟಲೆ ಹದಗೊಳಿಸಿ, ಕೊನೆಗೆ ಕಿಣ್ವವನ್ನು 8 ಪಿಎಚ್‌ನ ಪಲ್ಪಿಗೆ ಸುರಿದರೆ ಶಾಯಿ ಅಲ್ಲಾಡುವುದಿಲ್ಲ. ಕಿಣ್ವದಿಂದ ಕಾಗದದ ಶಾಯಿ ಬಿಡಿಸುವ ಪ್ರಯತ್ನಗಳು ಪ್ರಯೋಗಾಲಯದಲ್ಲಿ ಗೆದ್ದು ತೊಟ್ಟಿಯಲ್ಲಿ ಸೋಲುವುದಕ್ಕೆ ಬಹುಮಟ್ಟಿಗೆ ಕಾರಣ ಈ ಅಂತರ. ಯಾವ ಕಾಗದ, ಅದರ ಪಿಎಚ್ ಎಷ್ಟು, ಅದರ ನಾರು ಯಾವ ಮರದ್ದು ಎಂಬುದನ್ನು ಮೊದಲು ನೋಡಿ, ಆಮೇಲೆ ಶಿಲೀಂಧ್ರವನ್ನು ಆರಿಸಬೇಕು.

ಆಮ್ಲ ಹಾಕಿ ಪಿಎಚ್ ಇಳಿಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಒಂದು ಟನ್ ಕಾಗದದಲ್ಲಿ ಶೇ. 15ರಷ್ಟು ಸುಣ್ಣಪುಡಿ ಇದ್ದರೆ ಅದು 150 ಕಿಲೋ. ಅದನ್ನು ಪೂರ್ತಿ ಕರಗಿಸಲು 147 ಕಿಲೋ ಗಂಧಕಾಮ್ಲ ಬೇಕು. ಹೊರಬರುವುದು 66 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಸುಮಾರು 36 ಘನ ಮೀಟರ್ ಅನಿಲ. ತೊಟ್ಟಿ ನೊರೆ ಉಕ್ಕಿ ಹರಿಯುತ್ತದೆ. ಉಳಿಯುವುದು 258 ಕಿಲೋ ಜಿಪ್ಸಂ. ಅದು ಪೈಪು, ಪಂಪು, ಜಾಲರಿಗಳಲ್ಲಿ ಹರಳುಗಟ್ಟುತ್ತದೆ. ಕಾಗದಕ್ಕೆ ತೂಕ ಕೊಡುತ್ತಿದ್ದ ಪುಡಿಯೂ ಹೋಯಿತು. ಆ ದಾರಿ ಬೇಡ.

ಈ ವಿಷಯ ಕಾಸರಗೋಡಿಗೆ ಬೇಕಾದದ್ದೇಕೆ? ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2020ರ ಜನವರಿ 1ರಿಂದ ನಿಷೇಧ ಬಂದಿದೆ. ಅಂಗಡಿಗಳಲ್ಲಿ ಕಾಗದದ ಚೀಲ, ಕಾಗದದ ಪೊಟ್ಟಣ ಹೆಚ್ಚಿವೆ. ಹಳೆ ಪೇಪರು, ನೋಟ್‌ಬುಕ್ಕು, ರಟ್ಟು ಗುಜರಿ ಅಂಗಡಿಯ ಮೂಲಕ ಜಿಲ್ಲೆಯಿಂದ ಹೊರಗೆ ಹೋಗುತ್ತವೆ. ಹಿಂದಿನ ಹಿಂದುಸ್ತಾನ್ ನ್ಯೂಸ್‌ಪ್ರಿಂಟ್ ಇದ್ದ ಕೋಟ್ಟಯಂ ಬಳಿಯ ವೆಳ್ಳೂರಿನಲ್ಲಿ ಕೇರಳ ಸರಕಾರದ ಕೇರಳ ಪೇಪರ್ ಪ್ರಾಡಕ್ಟ್ಸ್ 2022ರಲ್ಲಿ ಉತ್ಪಾದನೆ ಶುರುಮಾಡಿದೆ. ತಮಿಳುನಾಡಿನ ಕರೂರಿನಲ್ಲಿ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುವ ಟಿಎನ್‌ಪಿಎಲ್ ಇದೆ, ಅಲ್ಲಿ ಶಾಯಿ ತೆಗೆಯುವ ಘಟಕವೂ ಇದೆ. ಇತ್ತ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ತೋಟಗಳಲ್ಲಿ ಚಾಲಿ ಅಡಿಕೆ ಸುಲಿದ ಸಿಪ್ಪೆ ರಾಶಿ ಬೀಳುತ್ತದೆ. ಒಂದಷ್ಟು ಒಲೆಗೆ, ಒಂದಷ್ಟು ಬುಡಕ್ಕೆ ಹೋಗಿ, ಮಿಕ್ಕಿದ್ದು ಅಂಗಳದ ಮೂಲೆಯಲ್ಲಿ ವರ್ಷಗಟ್ಟಲೆ ಕೊಳೆಯುತ್ತದೆ. ಕಾರ್ಖಾನೆ ಇಲ್ಲಿಗೇ ಬರಬೇಕೆಂದಿಲ್ಲ. ಕಿಣ್ವವನ್ನು ಕ್ಯಾನಿನಲ್ಲಿ ಕಳಿಸಬಹುದು. ಆ ಸಣ್ಣ ಉದ್ದಿಮೆ ನಿಲ್ಲಬೇಕಾದರೆ ತಾಂತ್ರಿಕ ಲೆಕ್ಕ ಸರಿಯಿರಬೇಕು. ಎಂಡೋಸಲ್ಫಾನ್‌ನ ನೋವು ಉಂಡ ಈ ಜಿಲ್ಲೆಯಲ್ಲಿ ಯಾವ ಘಟಕ ಬಂದರೂ ಜನ ಮೊದಲು ಕೇಳುವುದು ನೀರಿಗೆ ಏನು ಬಿಡುತ್ತೀರಿ ಎಂದು. ಅದು ನ್ಯಾಯವಾದ ಪ್ರಶ್ನೆ.

ಶಾಯಿ ಬಿಡುವ ಬಗೆ

ರೂಢಿಯ ವಿಧಾನದಲ್ಲಿ ಒಣ ಕಾಗದದ ತೂಕಕ್ಕೆ ಶೇ. 1ರಿಂದ 2 ಕಾಸ್ಟಿಕ್ ಸೋಡಾ, ಶೇ. 2ರಿಂದ 3 ಸೋಡಿಯಂ ಸಿಲಿಕೇಟ್, ಶೇ. 1ರ ಸುಮಾರು ಹೈಡ್ರೋಜನ್ ಪೆರಾಕ್ಸೈಡ್, ಒಂದಷ್ಟು ಸಾಬೂನು ಹಾಕಿ ಪಲ್ಪರಿನಲ್ಲಿ ಕಡೆಯುತ್ತಾರೆ. ಪಿಎಚ್ 10 ದಾಟುತ್ತದೆ. ನಾರು ಉಬ್ಬಿ, ಶಾಯಿಯ ಎಣ್ಣೆ ಸಾಬೂನಾಗಿ, ಕಣಗಳು ಬಿಡುತ್ತವೆ. ಆಮೇಲೆ ಪಲ್ಪನ್ನು ಶೇ. 1ಕ್ಕೆ ತೆಳುಮಾಡಿ ಗಾಳಿ ಹಾಯಿಸುತ್ತಾರೆ. ಶಾಯಿ ಗುಳ್ಳೆಗೆ ಅಂಟಿ ನೊರೆಯಾಗಿ ಮೇಲೆ ಬರುತ್ತದೆ. ಈ ಫ್ಲೋಟೇಶನ್ ಚೆನ್ನಾಗಿ ಎತ್ತುವುದು 10ರಿಂದ 100 ಮೈಕ್ರಾನ್ ಗಾತ್ರದ ಕಣಗಳನ್ನು. ಅದಕ್ಕಿಂತ ಸಣ್ಣವು ತೊಳೆಯುವಾಗ ಹೋಗಬೇಕು, ದೊಡ್ಡವು ಜರಡಿಯಲ್ಲಿ ಸಿಗಬೇಕು.

ಕ್ಷಾರಕ್ಕೆ ಬಗ್ಗದಿರುವುದು ಲೇಸರ್ ಪ್ರಿಂಟರ್ ಮತ್ತು ಜೆರಾಕ್ಸಿನ ಟೋನರ್. ಅದು ಪ್ಲಾಸ್ಟಿಕ್ಕು, ಬಿಸಿಗೆ ಕರಗಿ ನಾರಿನ ಮೇಲೆ ಬೆಸೆದುಕೊಂಡಿರುತ್ತದೆ, ಸಾಬೂನಾಗುವುದಿಲ್ಲ. ಕಡೆದಾಗ ಚಪ್ಪಟೆ ಚಕ್ಕೆಗಳಾಗಿ ಒಡೆಯುತ್ತದೆ, ಚಕ್ಕೆಗೆ ನಾರಿನ ತುಣುಕು ಕೂದಲಿನಂತೆ ಅಂಟಿಕೊಂಡಿರುತ್ತದೆ. ಆ ಕೂದಲು ನೀರನ್ನು ಹಿಡಿಯುವುದರಿಂದ ಚಕ್ಕೆ ಗಾಳಿಗುಳ್ಳೆಗೆ ಅಂಟುವುದಿಲ್ಲ. ಕಿಣ್ವ ನಿಜವಾಗಿ ದುಡಿಯುವ ಜಾಗ ಇದು. ಎಂಡೋಗ್ಲುಕನೇಸ್ (ಒಂದು ಬಗೆಯ ಸೆಲ್ಯುಲೇಸ್) ಮತ್ತು ನಾರಿನಲ್ಲಿ ಸೆಲ್ಯುಲೋಸಿನ ಜೊತೆಗಿರುವ ಕ್ಸೈಲಾನನ್ನು ಕಡಿಯುವ ಕ್ಸೈಲನೇಸ್ ಕಿಣ್ವಗಳು ಆ ಎಳೆಗಳನ್ನು ಕತ್ತರಿಸುತ್ತವೆ. ಬೋಳಾದ ಚಕ್ಕೆ ತೇಲುತ್ತದೆ. ಶಾಯಿಯನ್ನು ಕಿಣ್ವ ತಿನ್ನುತ್ತದೆ ಎಂಬ ಮಾತು ಅಲ್ಲಲ್ಲಿ ಕೇಳುತ್ತದೆ, ಅದು ತಪ್ಪು. ಎಣ್ಣೆಯನ್ನು ಒಡೆಯುವ ಲೈಪೇಸ್ ಕಿಣ್ವ ಮಾತ್ರ ಎಣ್ಣೆ ಆಧಾರದ ಶಾಯಿಯ ಮೇಲೆ ಸ್ವಲ್ಪ ನೇರವಾಗಿ ಕೆಲಸ ಮಾಡುತ್ತದೆ.

ದಿನಪತ್ರಿಕೆಯ ಕಥೆ ಬೇರೆ. ಅದರ ಶಾಯಿ ಎಣ್ಣೆಯದ್ದು, ಕಣ ಸಣ್ಣದು, ಹೊಸದಾಗಿದ್ದಾಗ ಸುಲಭವಾಗಿ ಬಿಡುತ್ತದೆ. ಆದರೆ ತಗಡಿನ ಮಾಡಿನ ಗುಜರಿ ಶೆಡ್ಡಿನಲ್ಲಿ ಏಪ್ರಿಲ್‌ನ ಬಿಸಿಗೆ ಎರಡು ತಿಂಗಳು ಬಿದ್ದರೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಶಾಯಿ ನಾರಿಗೆ ಕಚ್ಚಿಕೊಳ್ಳುತ್ತದೆ. ಕಾಗದವನ್ನು ಬೇಗ ಸಾಗಿಸುವುದೇ ಅದಕ್ಕೆ ಮೊದಲ ಮದ್ದು. ಚಹಾದ ಪೇಪರ್ ಕಪ್ಪನ್ನಂತೂ ಈ ರಾಶಿಗೆ ಸೇರಿಸಲೇಬಾರದು. ಒಳಗಿನ ಪಾಲಿಥೀನ್ ಪದರಕ್ಕೆ ಇಲ್ಲಿ ಹೇಳುವ ಯಾವ ಕಿಣ್ವವೂ ತಾಗುವುದಿಲ್ಲ.

ನಾರಿನ ಮೂಲವನ್ನೂ ನೋಡಬೇಕು. ನಮ್ಮ ದೇಶದ ಬರೆಯುವ ಕಾಗದದಲ್ಲಿ ನೀಲಗಿರಿ, ಗಾಳಿಮರ, ಸುಬಾಬುಲ್‌ನಂಥ ಗಟ್ಟಿಮರದ ನಾರು, ಕಬ್ಬಿನ ಸಿಪ್ಪೆಯ ನಾರು ಹೆಚ್ಚು. ಇವೆರಡರಲ್ಲೂ ಕ್ಸೈಲಾನ್ ಧಾರಾಳ. ಆದ್ದರಿಂದ ಕ್ಸೈಲನೇಸ್ ಇಲ್ಲಿ ಹಿಡಿತ ಸಿಗುವ ಕಿಣ್ವ. ಹೊರದೇಶದಿಂದ ಬರುವ ನ್ಯೂಸ್‌ಪ್ರಿಂಟ್ ಹೆಚ್ಚಾಗಿ ಸೂಜಿ ಎಲೆಯ ಮರದ್ದು, ಅದರಲ್ಲಿ ಕ್ಸೈಲಾನ್ ಕಡಿಮೆ. ಒಂದೇ ಕಿಣ್ವವನ್ನು ಆಫೀಸು ಕಾಗದಕ್ಕೂ ದಿನಪತ್ರಿಕೆಗೂ ಹಾಕಿ, ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋತರೆ ಆಶ್ಚರ್ಯಪಡಬೇಕಾಗಿಲ್ಲ.

ಯಾವ ಶಿಲೀಂಧ್ರ?

ಸೆಲ್ಯುಲೇಸ್ ಎಂದರೆ ಟ್ರೈಕೋಡರ್ಮಾ ರೀಸೀ ಎಂಬಷ್ಟು ಅದು ಪ್ರಸಿದ್ಧ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಡೇರೆ ಬಟ್ಟೆಗಳನ್ನು ಕೊಳೆಸುತ್ತಿದ್ದ ಬೂಷ್ಟಿನಿಂದ ಬೇರ್ಪಡಿಸಿದ್ದು. ಇಂದಿನ ಕೈಗಾರಿಕಾ ತಳಿಗಳು ಅದರ ಸಂತತಿ. ಆದರೆ ಅದರ ಕಿಣ್ವ 4.5ರಿಂದ 5.5 ಪಿಎಚ್‌ನಲ್ಲಿ ಹುರುಪಿನಿಂದಿರುತ್ತದೆ, 7 ದಾಟಿದರೆ ಬಹಳಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆಸ್ಪರ್ಜಿಲಸ್ ನೈಜರ್‌ನದ್ದೂ ಇದೇ ಗುಣ. ಅದಕ್ಕಿಂತ ಹ್ಯುಮಿಕೋಲಾ ಇನ್ಸೊಲೆನ್ಸ್‌ನ ಎಂಡೋಗ್ಲುಕನೇಸ್ ತಟಸ್ಥ ಮತ್ತು ಸೌಮ್ಯ ಕ್ಷಾರದಲ್ಲಿ ಚೆನ್ನಾಗಿ ದುಡಿಯುತ್ತದೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ಈ ಬಗೆಯ ಕಿಣ್ವ ಬಳಕೆಗೆ ಬಂದದ್ದೂ ಅದಕ್ಕೇ.

ಕಾಸರಗೋಡಿನಂಥ ಕಡೆ ಸಣ್ಣ ಪ್ರಮಾಣದಲ್ಲಿ ಬೆಳೆಸಲು ಹೆಚ್ಚು ಹೊಂದುವುದು ಥರ್ಮೋಮೈಸಿಸ್ ಲನುಗಿನೋಸಸ್ ಎಂಬ ಶಾಖಪ್ರಿಯ ಶಿಲೀಂಧ್ರ ಎಂಬುದು ನಮ್ಮ ಅಭಿಪ್ರಾಯ. ಇದು 45ರಿಂದ 50 ಡಿಗ್ರಿಯಲ್ಲಿ ಬೆಳೆಯುತ್ತದೆ. ಕ್ಸೈಲನೇಸನ್ನು ಹೇರಳವಾಗಿ ಬಿಡುತ್ತದೆ. ಸೆಲ್ಯುಲೇಸ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನಾರನ್ನು ಅತಿಯಾಗಿ ಕಡಿದು ಕಾಗದದ ಬಲ ಕುಂದಿಸುವ ಭಯ ಕಡಿಮೆ. ಕಿಣ್ವಕ್ಕೆ 6ರಿಂದ 7 ಪಿಎಚ್ ಅತ್ಯುತ್ತಮ, 8ರಲ್ಲೂ ಸಾಕಷ್ಟು ಉಳಿಯುತ್ತದೆ. 50ರಿಂದ 60 ಡಿಗ್ರಿಯ ಪಲ್ಪಿನಲ್ಲಿ ಗಂಟೆಗಟ್ಟಲೆ ತಾಳುತ್ತದೆ. ಇನ್ನೊಂದು ಲಾಭ, ಬಿಸಿಯ ಕೋಣೆಯಲ್ಲಿ ಸಾಮಾನ್ಯ ಬೂಷ್ಟುಗಳು ತಲೆ ಎತ್ತುವುದಿಲ್ಲ.

ಆದರೆ ಎರಡು ಶತ್ರುಗಳು ಆ ಬಿಸಿಯಲ್ಲೂ ಬರುತ್ತವೆ. ಬ್ಯಾಸಿಲಸ್ ಬ್ಯಾಕ್ಟೀರಿಯ ಬಂದರೆ, ಶಿಲೀಂಧ್ರದ ಊಟಕ್ಕೆಂದು ಟ್ರೇಯಲ್ಲಿ ಹರಡಿದ ಗೋಧಿ ಬೂಸ ಲೋಳೆಲೋಳೆಯಾಗಿ ಅಮೋನಿಯಾದ ಘಾಟು ಹೊಡೆಯುತ್ತದೆ. ಆ ಟ್ರೇ ಹೋಯಿತೆಂದೇ ಲೆಕ್ಕ. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಬಂದರೆ ಇನ್ನೂ ಕೆಟ್ಟದ್ದು, ಅದು ಮನುಷ್ಯನ ಶ್ವಾಸಕೋಶಕ್ಕೆ ಹತ್ತುವ ಬೂಷ್ಟು. ಥರ್ಮೋಮೈಸಿಸ್ ಮೊದಲು ಬಿಳಿ, ನಡುವೆ ಸ್ವಲ್ಪ ಕಾಲ ಹಸಿರು ಛಾಯೆಯ ಬೂದು, ಆಮೇಲೆ ಕಂದು, ಕೊನೆಗೆ ಕಪ್ಪಾಗುತ್ತದೆ. ಬೂದಿ ಬೆರೆತ ಹಸಿರು ಪುಡಿ ಕಂದಾಗದೆ ಹಾಗೇ ಉಳಿದರೆ, ಅಥವಾ ಸಂಶಯ ಬಂದರೂ, ಆ ಟ್ರೇಯನ್ನು ಮುಚ್ಚಿ ಆಟೋಕ್ಲೇವಿಗೆ (ಒತ್ತಡದ ಹಬೆಯ ಪಾತ್ರೆಗೆ) ಹಾಕಿ ನಾಶಮಾಡಬೇಕು, ತೆರೆದು ಮೂಸಿ ನೋಡಬಾರದು. ಅಂಗಳದ ಸಿಪ್ಪೆರಾಶಿಯಿಂದ ಬೂಷ್ಟು ಕೆರೆದು ತಂದು ಬೆಳೆಸುವ ಸಾಹಸವೂ ಬೇಡ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುವ ಆಸ್ಪರ್ಜಿಲಸ್ ಫ್ಲೇವಸ್ ಇರಬಹುದು. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹಗಳಿಂದ ಗುರುತಿಸಿದ ತಳಿ ತರಿಸಿಕೊಳ್ಳುವುದೇ ಸುರಕ್ಷಿತ.

ಅಡಿಕೆ ಸಿಪ್ಪೆ: ಊಟ ಎಷ್ಟು, ಚಪ್ಪರ ಎಷ್ಟು

ಅಡಿಕೆ ಸಿಪ್ಪೆಯಲ್ಲಿ ಕ್ಸೈಲಾನ್ ಸೇರಿದ ಹೆಮಿಸೆಲ್ಯುಲೋಸ್ ಬೇಕಾದಷ್ಟಿದೆ, ಕ್ಸೈಲನೇಸ್ ಹುಟ್ಟಿಸಲು ಅದು ಪ್ರೇರಕ. ನಾರನ್ನು ಗಟ್ಟಿಮಾಡುವ ಲಿಗ್ನಿನ್ ಮಾತ್ರ ಶೇ. 13ರಿಂದ 25ರವರೆಗೆ ಇರುವುದರಿಂದ ಸಿಪ್ಪೆಯೊಂದನ್ನೇ ಕೊಟ್ಟರೆ ಶಿಲೀಂಧ್ರ ಕುಂಟುತ್ತದೆ. ಗೋಧಿ ಬೂಸದಲ್ಲಿ ಪ್ರೋಟೀನು, ಅರಾಬಿನೊಕ್ಸೈಲಾನ್, ಖನಿಜ ಎಲ್ಲ ಇವೆ. ಆದರೆ ಬೂಸವೊಂದನ್ನೇ ಹಾಕಿದರೆ ಆಟೋಕ್ಲೇವಿನಲ್ಲಿ ಹಿಟ್ಟಿನಂತೆ ಗಟ್ಟಿಯಾಗಿ ಒಳಗೆ ಗಾಳಿ ಆಡುವುದಿಲ್ಲ. ಆದ್ದರಿಂದ ಬೂಸ ಊಟ, ಸಿಪ್ಪೆ ಚಪ್ಪರ ಎಂದು ಯೋಚಿಸಿದರೆ ಪ್ರಮಾಣ ತಾನೇ ಹೊಳೆಯುತ್ತದೆ. ಒಣ ತೂಕದಲ್ಲಿ ಬೂಸ ಎರಡು ಪಾಲು, 2ರಿಂದ 5 ಮಿಲಿಮೀಟರಿಗೆ ಕತ್ತರಿಸಿದ ಸಿಪ್ಪೆ ಒಂದು ಪಾಲಿನಿಂದ ಶುರುಮಾಡಿ, ಸಿಪ್ಪೆಯನ್ನು ಅರ್ಧದವರೆಗೆ ಏರಿಸುತ್ತ ನೋಡಬಹುದು. ಪುಡಿಯಾಗುವಷ್ಟು ಅರೆದರೆ ಚಪ್ಪರದ ಗುಣವೇ ಹೋಗುತ್ತದೆ.

ಸಿಪ್ಪೆಗೆ ಎರಡು ದೋಷಗಳಿವೆ. ಮೊದಲನೆಯದು ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು. ಶೇ. 1ರ ದ್ರಾವಣ, ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲದ ಮೊದಲು ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ. ತಾಮ್ರ ಇರುವುದೇ ಶಿಲೀಂಧ್ರವನ್ನು ತಡೆಯಲು. ಸಿಪ್ಪೆಯ ಮೇಲೆ ಉಳಿದ ತಾಮ್ರ ನಮ್ಮ ಶಿಲೀಂಧ್ರವನ್ನೂ ತಡೆಯುತ್ತದೆ, ತಯಾರಾದ ಕಿಣ್ವವನ್ನೂ ಕುಗ್ಗಿಸಬಲ್ಲದು. ಒಂದು ತೋಟದ ಸಿಪ್ಪೆಯಲ್ಲಿ ಬಂದ ಇಳುವರಿ ಇನ್ನೊಂದು ತೋಟದ ಸಿಪ್ಪೆಯಲ್ಲಿ ಬಾರದಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನು. ಯಾವ ತೋಟ, ಎಷ್ಟು ಸಲ ಮದ್ದು ಬಿಟ್ಟದ್ದು ಎಂದು ಪ್ರತಿ ಚೀಲಕ್ಕೂ ಚೀಟಿ ಕಟ್ಟಿಡುವುದು ಒಳ್ಳೆಯದು.

ಎರಡನೆಯದು ಕಂದು ಬಣ್ಣದ ಫೀನಾಲ್ ಮತ್ತು ಟ್ಯಾನಿನ್‌ಗಳು. ಇವು ಪ್ರೋಟೀನಿಗೆ ಅಂಟಿ ಕಿಣ್ವವನ್ನು ತಳಕ್ಕೆ ಇಳಿಸುತ್ತವೆ, ಕಿಣ್ವದ್ರಾವಣವನ್ನು ಚಹಾದಂತೆ ಕಂದಾಗಿಸುತ್ತವೆ. ಆ ಚಹಾವನ್ನು ಪಲ್ಪಿಗೆ ಸುರಿದರೆ ಶಾಯಿ ಹೋಗಿ ಬಂದ ಬಿಳುಪನ್ನು ಕಂದು ಬಣ್ಣ ನುಂಗುತ್ತದೆ. ಪರಿಹಾರ ಸರಳ. ಕತ್ತರಿಸಿದ ಸಿಪ್ಪೆಯನ್ನು 60-70 ಡಿಗ್ರಿಯ ನೀರಿನಲ್ಲಿ ಮೂರು-ನಾಲ್ಕು ಗಂಟೆ ನೆನೆಸಿ ಬಸಿಯಬೇಕು, ನೀರು ತಿಳಿಯಾಗುವವರೆಗೆ ಎರಡು-ಮೂರು ಸಲ. ಸಡಿಲವಾಗಿ ಅಂಟಿದ ತಾಮ್ರವೂ ಒಂದಿಷ್ಟು ಇದರಲ್ಲೇ ಹೋಗುತ್ತದೆ. ಕಾಸ್ಟಿಕ್‌ನಲ್ಲಿ ನೆನೆಸಿದರೆ ಇನ್ನೂ ಚೆನ್ನಾಗಿ ತೆರೆದುಕೊಳ್ಳುತ್ತದೆ ನಿಜ; ಆದರೆ ಕಾಗದ ಕಾರ್ಖಾನೆಯಲ್ಲಿ ಕಾಸ್ಟಿಕ್ ಉಳಿಸಲು ಹೊರಟು ತೋಟದ ಬದಿಯಲ್ಲಿ ಅದನ್ನೇ ಚೆಲ್ಲುವುದರಲ್ಲಿ ಅರ್ಥವಿಲ್ಲ.

ಪೋಷಕಾಂಶಕ್ಕೆ ಮ್ಯಾಂಡಲ್ಸ್ ದ್ರಾವಣ ಸಾಕು: ಲೀಟರಿಗೆ ಅಮೋನಿಯಂ ಸಲ್ಫೇಟ್ 1.4 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 2 ಗ್ರಾಂ, ಯೂರಿಯಾ, ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟ್ ತಲಾ 0.3 ಗ್ರಾಂ. ಅಮೋನಿಯಂ ಸಲ್ಫೇಟ್ ಖರ್ಚಾದಂತೆ ಟ್ರೇ ಹುಳಿಯಾಗುತ್ತದೆ, ಯೂರಿಯಾ ಕ್ಷಾರದ ಕಡೆ ಎಳೆಯುತ್ತದೆ. ಎರಡನ್ನೂ ಹಾಕುವುದು ಸಮತೋಲಕ್ಕಾಗಿ. ಶುರುವಿನ ಪಿಎಚ್ 6ರಿಂದ 6.5 ಇರಲಿ. ಬೆಲ್ಲದ ನೀರು, ಗೇರುಹಣ್ಣಿನ ರಸ ಸೇರಿಸಿದರೆ ಬೂಷ್ಟು ದಟ್ಟವಾಗಿ ಬೆಳೆದದ್ದು ಕಣ್ಣಿಗೆ ಕಾಣುತ್ತದೆ, ಕಿಣ್ವ ಮಾತ್ರ ಕುಸಿಯುತ್ತದೆ. ಸುಲಭದ ಸಕ್ಕರೆ ಸಿಕ್ಕಿದಾಗ ಶಿಲೀಂಧ್ರ ನಾರು ಕಡಿಯುವ ಕಿಣ್ವದ ವಂಶವಾಹಿಗಳನ್ನೇ ಮುಚ್ಚಿಡುತ್ತದೆ. ಬಿಳಿ ಹೊದಿಕೆ ದಪ್ಪಗಿದೆ ಎಂದು ಸಂತೋಷಪಟ್ಟು ಮೋಸಹೋಗುವುದು ಇಲ್ಲಿ ಸಾಮಾನ್ಯ.

ತೇವಾಂಶ ಶೇ. 65. ಒಂದು ಕಿಲೋ ಒಣ ಮಿಶ್ರಣಕ್ಕೆ ಒಟ್ಟು 1.85 ಲೀಟರ್ ನೀರು. ಬೂಸದಲ್ಲಿ ಮೊದಲೇ ಇರುವ ಶೇ. 10-12 ತೇವ, ಬೀಜಕದ ದ್ರಾವಣದ ನೀರು ಇವೆಲ್ಲ ಈ ಲೆಕ್ಕದ ಒಳಗೆ ಬರಬೇಕು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಜಿನುಗಬೇಕು, ಹನಿ ಬೀಳಬಾರದು. ಆಟೋಕ್ಲೇವಿನಲ್ಲಿ 121 ಡಿಗ್ರಿ. ಫ್ಲಾಸ್ಕಿಗೆ 20 ನಿಮಿಷ ಸಾಕಾಗುವುದನ್ನು ನೋಡಿ ಐದು ಕಿಲೋ ಚೀಲಕ್ಕೂ ಅಷ್ಟೇ ಕೊಟ್ಟರೆ ನಡುವಿನ ಬೂಸ ಕುದಿಯುವುದೇ ಇಲ್ಲ, ಬ್ಯಾಸಿಲಸ್ ಅಲ್ಲಿಂದಲೇ ಎದ್ದು ಬರುತ್ತದೆ. ಚೀಲಕ್ಕೆ 60ರಿಂದ 90 ನಿಮಿಷ ಬೇಕು. ತಣಿದ ಮೇಲೆ ಒಣ ತೂಕದ ಗ್ರಾಂ ಒಂದಕ್ಕೆ ಹತ್ತು ಲಕ್ಷದಿಂದ ಒಂದು ಕೋಟಿ ಬೀಜಕಗಳಂತೆ ಬೆರೆಸಬೇಕು. ಬೀಜಕ ತೆಗೆಯುವ ನೀರಿಗೆ ಶೇ. 0.1 ಟ್ವೀನ್ 80 ಎಂಬ ಸಾಬೂನಿನಂಥ ದ್ರವ ಹಾಕದಿದ್ದರೆ ಅವು ಗುಂಪುಗೂಡಿ ಟ್ರೇಯಲ್ಲಿ ಅಲ್ಲಲ್ಲಿ ಮಾತ್ರ ಮೊಳೆಯುತ್ತವೆ.

ಟ್ರೇಯ ಬಿಸಿ

45 ಸೆಂ.ಮೀ.ಗೆ 60 ಸೆಂ.ಮೀ. ಅಳತೆಯ ತೂತಿನ ಟ್ರೇಯಲ್ಲಿ 3 ಸೆಂ.ಮೀ. ದಪ್ಪಕ್ಕೆ ಹರಡಿದರೆ ಒಣ ತೂಕದಲ್ಲಿ ಸುಮಾರು ಒಂದು ಕಿಲೋ ಹಿಡಿಯುತ್ತದೆ. ಜಾಗ ಉಳಿಸಲು 6-7 ಸೆಂ.ಮೀ. ತುಂಬುವವರು ಎರಡನೇ ದಿನ ಕೈ ಸುಟ್ಟುಕೊಳ್ಳುತ್ತಾರೆ. ಶಿಲೀಂಧ್ರ ಒಂದು ಕಿಲೋ ಒಣ ಪದಾರ್ಥವನ್ನು ಪೂರ್ತಿ ಉರಿಸಿದರೆ ಸುಮಾರು 15 ಮೆಗಾಜೂಲ್ ಶಾಖ. 50 ಟ್ರೇಗಳ 50 ಕಿಲೋದಲ್ಲಿ ಶೇ. 10 ತಿಂದರೂ 75 ಮೆಗಾಜೂಲ್. ಅದು 30 ಲೀಟರ್ ನೀರನ್ನು ಆವಿಯಾಗಿಸಬಲ್ಲ ಶಾಖ. ಟ್ರೇಗಳಲ್ಲಿ ಇರುವುದೇ 93 ಲೀಟರ್. ಒಣ ಗಾಳಿ ಬೀಸಿ ತಂಪುಮಾಡಿದರೆ ಬೂಸ ಒಣಗಿ ಹೋಗುತ್ತದೆ. ಗಾಳಿಯೇ ಇಲ್ಲದಿದ್ದರೆ ನಡುವೆ ಬೇಯುತ್ತದೆ.

ಟ್ರೈಕೋಡರ್ಮಾಕ್ಕೆ 28-30 ಡಿಗ್ರಿ ಬೇಕು, 35 ದಾಟಿದರೆ ಸೊರಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಕರಾವಳಿಯ ಶೆಡ್ಡಿನೊಳಗೆ ಆ ತಂಪು ಕೊಡಬೇಕಾದರೆ ಎಸಿ ಬೇಕು. ಆಟಿ ತಿಂಗಳಿನಲ್ಲಿ ಹೊರಗಿನ ತಂಪು ಸಾಕಾಗುತ್ತದೆ, ಆದರೆ ಗಾಳಿಯ ತೇವ ಶೇ. 90ರ ಹತ್ತಿರ ಇರುವಾಗ ನೀರು ಆವಿಯಾಗಿ ಶಾಖ ತೆಗೆಯುವ ಉಪಾಯ ನಡೆಯುವುದಿಲ್ಲ. 45-50 ಡಿಗ್ರಿಯಲ್ಲಿ ಬೆಳೆಯುವ ಥರ್ಮೋಮೈಸಿಸ್‌ಗೆ ಈ ತಾಪತ್ರಯ ಕಡಿಮೆ. ಕೋಣೆಯನ್ನು ಬಿಸಿಯಾಗಿ ಇಡಲು ಶಿಲೀಂಧ್ರದ ಶಾಖವೇ ನೆರವಾಗುತ್ತದೆ, ಹೊರಗಿನ ಗಾಳಿ ಸದಾ ಅದಕ್ಕಿಂತ ತಣ್ಣಗಿರುವುದರಿಂದ ಫ್ಯಾನಿನಲ್ಲೇ ಹೆಚ್ಚುವರಿ ಬಿಸಿಯನ್ನು ಹೊರಹಾಕಬಹುದು. ಒಳಬರುವ ಗಾಳಿಯನ್ನು ಮಾತ್ರ ನೀರಿನ ತೊಟ್ಟಿಯ ಮೂಲಕ ಹಾಯಿಸಿ ತೇವಗೊಳಿಸಲೇಬೇಕು.

ಕಟಾವು ಯಾವಾಗ? ದಿನಕ್ಕೊಮ್ಮೆ ಒಂದೊಂದು ಚಮಚ ತೆಗೆದು ಅಳೆಯುವುದೊಂದೇ ದಾರಿ. ಥರ್ಮೋಮೈಸಿಸ್‌ನಲ್ಲಿ ಕ್ಸೈಲನೇಸ್ ಸಾಮಾನ್ಯವಾಗಿ 5ರಿಂದ 7ನೇ ದಿನದೊಳಗೆ ಶಿಖರ ಮುಟ್ಟುತ್ತದೆ. ಆಮೇಲೆ ಬಿಟ್ಟರೆ ಶಿಲೀಂಧ್ರವೇ ಬಿಡುವ ಪ್ರೋಟಿಯೇಸ್ ಕಿಣ್ವವನ್ನು ಕಡಿಯಲು ಶುರುಮಾಡುತ್ತದೆ, ಬೀಜಕಗಳೂ ಹೆಚ್ಚುತ್ತವೆ. ಟ್ರೇ ತೆರೆಯುವವರು ಮೂಗು-ಬಾಯಿಗೆ ಎನ್95 ಮಾಸ್ಕ್ ಕಟ್ಟದೆ ಒಳಗೆ ಹೋಗಕೂಡದು. ಕೊಳೆತ ಒಣಹುಲ್ಲಿನ ಧೂಳಿನಿಂದ ರೈತರಿಗೆ ಬರುವ ಶ್ವಾಸಕೋಶದ ಕಾಯಿಲೆಯೇ ಇಲ್ಲಿಯೂ ಬರಬಹುದು.

ಹಿಂಡುವುದು, ಮತ್ತು ಬಾಲಕ್ಕೆ ಅಂಟಿ ಬರುವವರು

ಒಂದು ಕಿಲೋ ಒಣ ತೂಕಕ್ಕೆ 8 ಲೀಟರ್ ನೀರು ಹಾಕಿ 45 ನಿಮಿಷ ಕಲಸಿ, ಬಟ್ಟೆಯಲ್ಲಿ ಕಟ್ಟಿ ಪ್ರೆಸ್ಸಿನಲ್ಲಿ ಹಿಂಡುತ್ತಾರೆ. ಹಿಂಡಿಯಲ್ಲಿ 2 ಲೀಟರ್ ಉಳಿದರೆ ಸುಮಾರು ಐದನೇ ಒಂದು ಭಾಗ ಕಿಣ್ವ ಅಲ್ಲೇ ಉಳಿಯಿತು. ಅದಕ್ಕೆ ಮತ್ತೆ 4 ಲೀಟರ್ ಹಾಕಿ ಹಿಂಡಿ, ಬಂದ ತೆಳು ನೀರನ್ನು ಮುಂದಿನ ತಂಡದ (ಬ್ಯಾಚಿನ) ಮೊದಲ ನೀರಾಗಿ ಬಳಸಿದರೆ ನಷ್ಟ ಬಹಳಷ್ಟು ತಪ್ಪುತ್ತದೆ, ದ್ರಾವಣವೂ ತೆಳುವಾಗುವುದಿಲ್ಲ.

ಈ ಕಚ್ಚಾ ದ್ರಾವಣದಲ್ಲಿ ನಮಗೆ ಬೇಕಾದ ಕಿಣ್ವದ ಜೊತೆಗೆ ಕರೆಯದೆ ಬಂದ ನೆಂಟರೂ ಇರುತ್ತವೆ. ಬೂಸದ ಪಿಷ್ಟ ಕಂಡು ಹುಟ್ಟಿದ ಅಮೈಲೇಸ್ ಕಾಗದದ ಪಿಷ್ಟದ ಲೇಪವನ್ನು ಕರಗಿಸುತ್ತದೆ. ಶಾಯಿ ಬಿಡಲು ಅದು ನೆರವೇ, ಆದರೆ ಕರಗಿದ ಪಿಷ್ಟ ನೀರಿಗೆ ಸೇರಿ ತ್ಯಾಜ್ಯನೀರಿನ ಸಿಒಡಿ (ನೀರಿನ ಕೊಳೆಯ ಒಂದು ಅಳತೆ) ಏರಿಸುತ್ತದೆ. ಕಿಣ್ವ ಬಳಸಿದರೆ ನೀರು ತಾನೇ ಶುದ್ಧವಾಗುತ್ತದೆ ಎಂದು ಹೇಳಿಕೊಳ್ಳುವ ಮೊದಲು ಇದನ್ನು ಅಳೆದಿರಬೇಕು. ಕೆಟಲೇಸ್ ಇನ್ನೂ ತಂಟೆಯದ್ದು. ಆಸ್ಪರ್ಜಿಲಸ್ ನೈಜರ್‌ನಲ್ಲಂತೂ ಅದು ಎಷ್ಟಿರುತ್ತದೆಂದರೆ ಮಾರುಕಟ್ಟೆಯ ಕೆಟಲೇಸನ್ನು ಅದರಿಂದಲೇ ತೆಗೆಯುತ್ತಾರೆ. ಮುಂದಿನ ಹಂತದಲ್ಲಿ ಬಿಳುಪಿಗೆ ಹಾಕುವ ಹೈಡ್ರೋಜನ್ ಪೆರಾಕ್ಸೈಡನ್ನು ಅದು ಕ್ಷಣದಲ್ಲಿ ನೀರು, ಆಮ್ಲಜನಕವಾಗಿ ಒಡೆದುಬಿಡುತ್ತದೆ. ದ್ರಾವಣದ ಒಂದು ಹನಿಗೆ ಶೇ. 3ರ ಪೆರಾಕ್ಸೈಡ್ ಒಂದು ಹನಿ ಹಾಕಿ, ಬುರುಬುರು ನೊರೆ ಬಂದರೆ ಕೆಟಲೇಸ್ ಇದೆ ಎಂದರ್ಥ. ಹಾಗಿದ್ದರೆ ಕಿಣ್ವದ ಕೆಲಸ ಮುಗಿದೊಡನೆ ಪಲ್ಪನ್ನು ಚೆನ್ನಾಗಿ ಹಿಂಡಿ ತೊಳೆದು, 80 ಡಿಗ್ರಿ ದಾಟಿಸಿ, ಆಮೇಲೆಯೇ ಪೆರಾಕ್ಸೈಡ್ ಕೊಡಬೇಕು. ಬಿಸಿ ಕೊಟ್ಟು ಕಿಣ್ವವನ್ನು ಕೊಲ್ಲುವುದು ಇನ್ನೊಂದು ಕಾರಣಕ್ಕೂ ಬೇಕು: ಜೀವಂತ ಸೆಲ್ಯುಲೇಸ್ ಮರುಬಳಕೆಯ ನೀರಿನಲ್ಲಿ ಸುತ್ತುತ್ತ ನಾರನ್ನು ದಿನವಿಡೀ ಕಡಿಯುತ್ತದೆ.

ಅಳತೆಯ ನ್ಯಾಯ

ಉತ್ಪಾದನೆ ಹದಗೊಳಿಸುವವರು ಒಂದೊಂದೇ ಅಂಶ ಬದಲಿಸಿ ನೋಡುವುದು ರೂಢಿ. ತೇವ ಮತ್ತು ಕಣದ ಗಾತ್ರ ಒಂದನ್ನೊಂದು ಅವಲಂಬಿಸಿರುವಾಗ ಆ ಕ್ರಮ ದಾರಿ ತಪ್ಪಿಸುತ್ತದೆ. ನಯ ಬೂಸಕ್ಕೆ ಹೊಂದುವ ತೇವ ಸಿಪ್ಪೆ ಹೆಚ್ಚಿದಾಗ ಹೊಂದುವುದಿಲ್ಲ. ಹಲವು ಅಂಶಗಳನ್ನು ಒಟ್ಟಿಗೆ ಬದಲಿಸಿ ನೋಡುವ ಪ್ಲ್ಯಾಕೆಟ್-ಬರ್ಮನ್ ವಿನ್ಯಾಸದಲ್ಲಿ 12 ಪ್ರಯೋಗಗಳಿಂದ ಮುಖ್ಯ ಅಂಶಗಳನ್ನು ಜಾಲಿಸಿ, ಉಳಿದ ಮೂರನ್ನು ಬಾಕ್ಸ್-ಬೆಂಕೆನ್ ವಿನ್ಯಾಸದ 15 ಪ್ರಯೋಗಗಳಲ್ಲಿ ಹದಗೊಳಿಸುವುದು ಮಿತವ್ಯಯದ ಹಾದಿ. ಇಷ್ಟೆಲ್ಲ ಮಾಡಿದರೂ ಕೊನೆಯ ಅಂಕಣದಲ್ಲಿ ಬರೆಯುವ ಅಂಕಿ 4.8 ಪಿಎಚ್‌ನದ್ದಾದರೆ ಎಲ್ಲವೂ ವ್ಯರ್ಥ. ಅಲ್ಲಿ ಎರಡು ಅಂಕಿ ಬೇಕು: ಪಲ್ಪಿನದೇ ಪಿಎಚ್ ಮತ್ತು ಉಷ್ಣತೆಯಲ್ಲಿ ಅಳೆದ ಕ್ಸೈಲನೇಸ್, ಮತ್ತು ಹಾಳೆಯ ಬಿಳುಪು.

ಕಿಣ್ವ ಬಿಡಿಸಿದ ಸಕ್ಕರೆಯನ್ನು ಬಣ್ಣದಿಂದ ಗುರುತಿಸುವ ಡಿಎನ್‌ಎಸ್ ವಿಧಾನದಲ್ಲಿ ಅಳೆಯುವವರಿಗೆ ಒಂದು ಎಚ್ಚರಿಕೆ. ಬೂಸದ ದ್ರಾವಣದಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಸಿಪ್ಪೆಯ ಬಣ್ಣವೂ 540 ನ್ಯಾನೊಮೀಟರಿನ ಓದಿಗೆ ಸೇರಿಕೊಳ್ಳುತ್ತದೆ. ಪ್ರತಿ ಮಾದರಿಗೂ ಅದರದ್ದೇ ಬ್ಲ್ಯಾಂಕ್ (ಕಿಣ್ವ ಕೆಲಸ ಮಾಡುವ ಮೊದಲಿನ ಓದು) ಇಡದಿದ್ದರೆ ಇಲ್ಲದ ಕಿಣ್ವ ಲೆಕ್ಕದ ಹಾಳೆಯಲ್ಲಿ ಹುಟ್ಟುತ್ತದೆ.

ಪಲ್ಪಿನ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. 100 ಗ್ರಾಂ ಕಾಗದವನ್ನು ಹರಿದು 50 ಡಿಗ್ರಿಯ ನೀರಿನಲ್ಲಿ ಶೇ. 10ರಿಂದ 12ರ ಗಟ್ಟಿತನಕ್ಕೆ ಕಲಸಬೇಕು. ಮಿಕ್ಸಿ ಬೇಡ, ಅದರ ಬ್ಲೇಡು ನಾರನ್ನೂ ಟೋನರನ್ನೂ ಕತ್ತರಿಸಿ ಫಲಿತಾಂಶವನ್ನು ಕೆಡಿಸುತ್ತದೆ. ಬೇಕರಿಯವರ ಹಿಟ್ಟು ಕಲಸುವ ಯಂತ್ರ ಒಳ್ಳೆಯದು. ಗ್ರಾಂ ಪಲ್ಪಿಗೆ 2ರಿಂದ 5 ಯೂನಿಟ್ (ಕಿಣ್ವದ ಚುರುಕಿನ ಅಳತೆ) ಕ್ಸೈಲನೇಸ್, 30 ನಿಮಿಷ. ಪಕ್ಕದಲ್ಲಿ ಇನ್ನೊಂದು ಪಾತ್ರೆಗೆ ಅದೇ ದ್ರಾವಣವನ್ನು ಹತ್ತು ನಿಮಿಷ ಕುದಿಸಿ, ತಣಿಸಿ ಹಾಕಬೇಕು. ಬರೀ ನೀರು ಹಾಕಿದ ಪಾತ್ರೆಯೊಡನೆ ಹೋಲಿಸಿದರೆ ಸಾಲದು. ದ್ರಾವಣದಲ್ಲಿರುವ ಪ್ರೋಟೀನು, ಟ್ವೀನ್ ಸಾಬೂನಿನಂತೆ ವರ್ತಿಸಿ ತಾವೇ ಒಂದಷ್ಟು ಶಾಯಿ ಎಬ್ಬಿಸುತ್ತವೆ. ಕುದಿಸಿದ ದ್ರಾವಣಕ್ಕಿಂತ ಎಷ್ಟು ಮೇಲೋ ಅಷ್ಟೇ ಕಿಣ್ವದ ಗಳಿಕೆ. ಶೇ. 1ಕ್ಕೆ ತೆಳುಮಾಡಿ ಗಾಳಿ ಹಾಯಿಸಿ ನೊರೆ ತೆಗೆದು ಹಾಳೆ ಎತ್ತಿ ಒಣಗಿಸಬೇಕು. ಬಿಳುಪಿನ ಮೀಟರ್ ಇಲ್ಲದವರು 600 ಡಿಪಿಐ ಸ್ಕ್ಯಾನರಿನಲ್ಲಿ ಹಾಳೆಯನ್ನು ಸ್ಕ್ಯಾನ್ ಮಾಡಿ ಕಪ್ಪು ಚುಕ್ಕೆಗಳನ್ನು ಎಣಿಸಬಹುದು. ಟೋನರಿಗೆ ಆ ಎಣಿಕೆಯೇ ಬಿಳುಪಿಗಿಂತ ನಂಬಿಕೆಯದ್ದು. ನೀರು ಬೇಗ ಬಸಿಯುತ್ತದೆ ಎಂದು ಹಿಗ್ಗಿ ಪ್ರಮಾಣ ಹೆಚ್ಚಿಸುವ ಮೊದಲು ಹಾಳೆಯ ಹರಿಯುವ ಬಲವನ್ನೂ, ಒಣಗಿದ ಹಾಳೆಗಳ ಒಟ್ಟು ತೂಕವನ್ನೂ ನೋಡಬೇಕು. ಸೆಲ್ಯುಲೇಸ್ ಹೆಚ್ಚಾದಾಗ ನಯ ನಾರೆಲ್ಲ ಕರಗಿ ಹೋಗಿ ನೀರು ಸರಾಗ ಇಳಿಯುತ್ತದೆ. ಆಗ ಕಾರ್ಖಾನೆಯವನು ಮಾರುವ ಮಾಲೇ ಚರಂಡಿಗೆ ಹೋಗಿರುತ್ತದೆ.

ದುಡ್ಡಿನ ಲೆಕ್ಕವೂ ಕ್ಸೈಲನೇಸಿನ ಕಡೆಗೇ ವಾಲುತ್ತದೆ. ಗ್ರಾಂ ಒಣ ಮಿಶ್ರಣದಿಂದ 1,000 ಯೂನಿಟ್ ಬಂದು, ಹಿಂಡುವಾಗ ಶೇ. 70 ಕೈಗೆ ಸಿಕ್ಕಿತೆಂದು ಹಿಡಿಯೋಣ. ಗ್ರಾಂ ಪಲ್ಪಿಗೆ 5 ಯೂನಿಟ್ಟಿನಂತೆ ಒಂದು ಟನ್ ಕಾಗದಕ್ಕೆ 50 ಲಕ್ಷ ಯೂನಿಟ್. ಸುಮಾರು 7 ಕಿಲೋ ಮಿಶ್ರಣ ಸಾಕು. ಅದೇ ಟ್ರೈಕೋಡರ್ಮಾದ ಸೆಲ್ಯುಲೇಸ್ ಗ್ರಾಮಿಗೆ 10 ಫಿಲ್ಟರ್ ಕಾಗದ ಯೂನಿಟ್ ಕೊಟ್ಟು, ಗ್ರಾಂ ಪಲ್ಪಿಗೆ ಅರ್ಧ ಯೂನಿಟ್ ಬೇಕಾದರೆ ಟನ್ನಿಗೆ 71 ಕಿಲೋ ಮಿಶ್ರಣ ಆಗುತ್ತದೆ. 50 ಟ್ರೇಯ ಒಂದು ಕೋಣೆ ವಾರಕ್ಕೊಂದು ತಂಡ ತೆಗೆದರೆ ಮೊದಲನೆಯ ಲೆಕ್ಕದಲ್ಲಿ 7 ಟನ್ ಕಾಗದಕ್ಕೆ ಕಿಣ್ವ, ಎರಡನೆಯದರಲ್ಲಿ ಒಂದು ಟನ್ನಿಗೂ ಸಾಲದು. ದಿನಕ್ಕೆ ನೂರಾರು ಟನ್ ಅರೆಯುವ ಕಾರ್ಖಾನೆಗೆ ಇದು ಏನೂ ಅಲ್ಲ. ಕೈಕಾಗದದ ಘಟಕ, ಫೈಲು-ಕವರ್ ಮಾಡುವ ಸಣ್ಣ ಮಿಲ್ಲುಗಳಿಗೆ ಹೊಂದುವ ಗಾತ್ರ ಇದು. ಅಲ್ಲಿ ಕ್ಷಾರ ತುಂಬಿದ ನೀರನ್ನು ಸಂಸ್ಕರಿಸುವ ವ್ಯವಸ್ಥೆ ದುಬಾರಿಯಾಗಿರುವುದರಿಂದ ಕಿಣ್ವದ ಉಪಯೋಗವೂ ಹೆಚ್ಚು.

ಟ್ರೈಕೋಡರ್ಮಾ ಬೆಳೆಸಿಯೇ ತೀರುತ್ತೇವೆ ಎನ್ನುವವರು ಅಕ್ಕಪಕ್ಕದಲ್ಲಿ ಅಣಬೆ ಬೆಳೆಯುವವರಿದ್ದಾರೆಯೇ ಎಂದು ವಿಚಾರಿಸಬೇಕು. ತೆಂಗಿನ ಕಾಂಡ ಸೋರುವ ರೋಗಕ್ಕೆ ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ ಟ್ರೈಕೋಡರ್ಮಾ ಬಿಲ್ಲೆಯನ್ನು ರೂಪಿಸಿದ್ದರಿಂದ, ಕಾಳುಮೆಣಸಿನ ಬುಡಕ್ಕೂ ಅದನ್ನು ಹಾಕುವುದರಿಂದ, ಇಲ್ಲಿನ ಕೃಷಿಕರಿಗೆ ಅದು ಮಿತ್ರ. ಅಣಬೆ ಕೋಣೆಗೆ ಮಾತ್ರ ಅದೇ ಕುಲದ ಹಸಿರು ಬೂಷ್ಟು ಶತ್ರು, ಒಂದು ಚೀಲಕ್ಕೆ ಬಂದರೆ ಸಾಲು ಸಾಲಾಗಿ ಹರಡುತ್ತದೆ. ಅಣಬೆ ಶೆಡ್ಡಿನ ಕಡೆಗೆ ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ಕಿಣ್ವದ ಶೆಡ್ಡು ಇರಬಾರದು, ಇಬ್ಬರಿಗೂ ಒಂದೇ ಆಟೋಕ್ಲೇವ್, ಒಂದೇ ಕೆಲಸದವರು ಇರಬಾರದು. ಹಿಂಡಿದ ಬೂಸವನ್ನು ಮತ್ತೊಮ್ಮೆ ಬೇಯಿಸಿದ ಮೇಲೆಯೇ ಗೊಬ್ಬರದ ಗುಂಡಿಗೆ ಹಾಕಬೇಕು. ಬೂಸವಲ್ಲವೇ ಎಂದು ದನದ ಬಾನಿಗೆ ಹಾಕುವುದು ಕೂಡದು; ಬೇಯಿಸಿದರೂ ಬೂಷ್ಟಿನ ವಿಷ ಹೋಗುವುದಿಲ್ಲ.

ತಯಾರಾದ ದ್ರಾವಣಕ್ಕೆ ಗ್ಲಿಸರಾಲ್ ಬೆರೆಸಿ 4 ಡಿಗ್ರಿಯಲ್ಲಿಟ್ಟರೆ ವಾರಗಟ್ಟಲೆ ಬಾಳುತ್ತದೆ, ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಹುಳಿತು ನಾರುತ್ತದೆ. ಕ್ಯಾನಿನ ಮೇಲೆ ಅಂಟಿಸುವ ಚೀಟಿಯಲ್ಲಿ ತಂಡದ ಸಂಖ್ಯೆ, ಹಿಂಡಿದ ದಿನ, ಸಿಪ್ಪೆ ಬಂದ ತೋಟ, ಕೆಟಲೇಸ್ ಹನಿ ಪರೀಕ್ಷೆಯ ಫಲಿತಾಂಶ, ಮತ್ತು 50 ಡಿಗ್ರಿಯಲ್ಲಿ 8 ಪಿಎಚ್‌ಗೆ ಅಳೆದ ಯೂನಿಟ್ ಇರಬೇಕು.